ಮನೆಗೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ

ಅವಘಡ ಹೇಳಿ ಕೇಳಿ ಬರುವುದಿಲ್ಲ. ತೋಟದಲ್ಲಿ ಕತ್ತಿ ತಾಗುತ್ತದೆ, ಬಚ್ಚಲಿನ ಹಂಡೆಯ ಬಿಸಿನೀರು ಮಗುವಿನ ಮೇಲೆ ಚೆಲ್ಲುತ್ತದೆ, ಹುಲ್ಲು ತರಲು ಹೋದವರಿಗೆ ಹಾವು ಕಚ್ಚುತ್ತದೆ. ನೆರಿಯದಂಥ ಊರಿನಲ್ಲಿ ಕಾಡು, ಹೊಳೆ, ತೋಟಗಳ ನಡುವೆ ಮನೆಗಳು ದೂರ ದೂರ. ಅಲ್ಲಿಂದ ಉಜಿರೆಗೋ ಬೆಳ್ತಂಗಡಿಗೋ ತಲುಪಲು ಹೊತ್ತು ಬೇಕು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದು ನಿಮಗೆ ನೆನಪಿರಬಹುದು. ಆಸ್ಪತ್ರೆ ತಲುಪುವವರೆಗೆ ರೋಗಿಗೆ ಮನೆಯವರೇ ದಿಕ್ಕು.

ಪೆಟ್ಟಿಗೆಯಲ್ಲಿ ಏನೇನಿರಬೇಕು?

1. ಶುದ್ಧೀಕರಿಸಿದ ಗಾಜ್ ಪ್ಯಾಕೆಟ್‌ಗಳು, ಹತ್ತಿ, ಅಂಟುಪಟ್ಟಿ.
2. ಸುತ್ತುವ ಬ್ಯಾಂಡೇಜ್ 3-4, ತ್ರಿಕೋನ ಬ್ಯಾಂಡೇಜ್ 1. ಇದು ಇಲ್ಲವಾದರೆ ಒಗೆದ ಹತ್ತಿಯ ಶಾಲು ಸಾಕು.
3. ಪೊವಿಡೋನ್ ಅಯೋಡಿನ್ ಮುಲಾಮು, ಸೋಪು, ಕೈಗವಸು.
4. ಕತ್ತರಿ, ಚಿಮಟ, ಥರ್ಮಾಮೀಟರ್, ಟಾರ್ಚ್.
5. ಓ.ಆರ್.ಎಸ್. ಪ್ಯಾಕೆಟ್ 4, ಪ್ಯಾರಾಸಿಟಮಾಲ್ ಮಾತ್ರೆ. ಮಕ್ಕಳಿಗೆ ಎಷ್ಟು ಕೊಡಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ.
6. ಒಂದು ಚೀಟಿ. ಅದರಲ್ಲಿ 108, 112 ಮತ್ತು ಹತ್ತಿರದ ಜೀಪು, ರಿಕ್ಷಾದವರ ಫೋನ್ ನಂಬರ್ ಇರಲಿ. ಮನೆಯ ಹಿರಿಯರು ಸೇವಿಸುವ ಔಷಧಗಳು, ಯಾರಿಗಾದರೂ ಒಗ್ಗದ ಔಷಧವಿದ್ದರೆ ಅದನ್ನೂ ಬರೆಯಿರಿ.

ಬಳಸುವುದು ಹೇಗೆ?

ರಕ್ತ ಸುರಿಯುತ್ತಿದ್ದರೆ ಗಾಜ್ ಇಟ್ಟು 10 ನಿಮಿಷ ಬಲವಾಗಿ ಒತ್ತಿಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ಗಾಜ್ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಕಾಫಿಪುಡಿ, ಸುಣ್ಣ, ಅರಿಶಿನ ತುಂಬಬೇಡಿ. ನಾವು ಅದನ್ನೆಲ್ಲ ತೊಳೆದು ತೆಗೆಯಬೇಕಾಗುತ್ತದೆ, ರೋಗಿಗೆ ನೋವು ಇಮ್ಮಡಿ.

ಸುಟ್ಟಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಎಣ್ಣೆ ಬೇಡ. ಬೊಬ್ಬೆ ಒಡೆಯಬೇಡಿ.

ನಾಯಿ, ಮಂಗ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಬನ್ನಿ.

ಹಾವು ಕಚ್ಚಿದರೆ ಪೆಟ್ಟಿಗೆಯಲ್ಲಿ ಹುಡುಕುತ್ತಾ ಹೊತ್ತು ಕಳೆಯಬೇಡಿ, ಅದರಲ್ಲಿ ವಿಷಕ್ಕೆ ಮದ್ದಿಲ್ಲ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆಯಿರಿ. ರೋಗಿಯನ್ನು ನಡೆಸದೆ, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಇಟ್ಟು ಕೂಡಲೇ ಆಸ್ಪತ್ರೆಗೆ ಹೊರಡಿ. ಹಾವನ್ನು ಹುಡುಕಿ ಕೊಲ್ಲಲು ಹೋಗಬೇಡಿ.

ವಾಂತಿ-ಭೇದಿಯಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ದೊಡ್ಡ ಓ.ಆರ್.ಎಸ್. ಪ್ಯಾಕೆಟ್ ಪೂರ್ತಿ ಸುರಿದು ಸ್ವಲ್ಪಸ್ವಲ್ಪವಾಗಿ ಕುಡಿಸಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ.

ಪೆಟ್ಟಿಗೆಯ ಆರೈಕೆ

ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಒಳ್ಳೆಯದು, ನಮ್ಮ ಕಡೆಯ ತೇವಕ್ಕೆ ಹತ್ತಿ, ಮಾತ್ರೆಗಳು ಬೇಗ ಕೆಡುತ್ತವೆ. ಒಲೆಯ ಹತ್ತಿರ ಬೇಡ. ಮಕ್ಕಳ ಕೈಗೆ ಎಟಕದಷ್ಟು ಎತ್ತರದಲ್ಲಿಡಿ, ಆದರೆ ಬೀಗ ಹಾಕಬೇಡಿ. ಅಜ್ಜಿ ಒಬ್ಬರೇ ಮನೆಯಲ್ಲಿದ್ದರೂ ಅದು ಎಲ್ಲಿದೆಯೆಂದು ಅವರಿಗೆ ಗೊತ್ತಿರಬೇಕು. ಹಳೆಯ ಕಾಯಿಲೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆಗಳನ್ನು ಇದರಲ್ಲಿ ಸೇರಿಸಬೇಡಿ. ಮಳೆಗಾಲ ಹಿಡಿಯುವ ಮೊದಲು ಮತ್ತು ದೀಪಾವಳಿಯ ಹೊತ್ತಿಗೆ, ವರ್ಷಕ್ಕೆ ಎರಡು ಸಲ ಬಿಚ್ಚಿ ಅವಧಿ ಮುಗಿದದ್ದನ್ನು ತೆಗೆದು, ಖಾಲಿಯಾದದ್ದನ್ನು ತುಂಬಿಸಿ.

ಇವೆಲ್ಲವೂ ಔಷಧದ ಅಂಗಡಿಯಲ್ಲಿ ಸಿಗುತ್ತವೆ. ಒಮ್ಮೆಲೇ ಆಗದಿದ್ದರೆ ಗಾಜ್, ಬ್ಯಾಂಡೇಜ್, ಓ.ಆರ್.ಎಸ್. ಇಷ್ಟರಿಂದ ಆರಂಭಿಸಿ. ಬ್ಯಾಂಡೇಜ್ ಸುತ್ತುವುದು ತಿಳಿಯದಿದ್ದರೆ ವಾರ್ಡಿನ ದಾದಿಯರನ್ನು ಕೇಳಿ, ಸಂಕೋಚ ಬೇಡ. ಪಕ್ಕದ ಮನೆಯವರಿಗೆ ಆಪತ್ತು ಬಂದಾಗ ಈ ಪೆಟ್ಟಿಗೆ ಹಿಡಿದು ಓಡುವುದೂ ಒಂದು ದಾಸೋಹವೇ.