ಅಪಘಾತದ ನಂತರದ ಇಪ್ಪತ್ನಾಲ್ಕು ಗಂಟೆ

ಸಂಸ್ಥೆಯ ಕಾರು ಹೆದ್ದಾರಿಯಲ್ಲಿ ಬೈಕೊಂದಕ್ಕೆ ತಗುಲಿದೆಯೆಂದು ಚಾಲಕನಿಂದ ಕರೆ ಬಂದಾಗ ಬಹುತೇಕ ಮಾಲೀಕರ ಬಾಯಿಂದ ಹೊರಡುವ ಮಾತು ಒಂದೇ: "ಏನಾದರೂ ಕೊಟ್ಟು ಅಲ್ಲೇ ಮುಗಿಸಿಬಿಡು." ಠಾಣೆಯ ಅಲೆದಾಟ ತಪ್ಪಿತೆಂಬ ಸಮಾಧಾನ ಅಂದಿಗೆ ದೊರೆಯುತ್ತದೆ. ಆದರೆ ಅಂದು ಸಣ್ಣ ನೋವೆನಿಸಿದ್ದು ಶಸ್ತ್ರಚಿಕಿತ್ಸೆಯವರೆಗೆ ಹೋಗಿ, ಕೆಲವು ತಿಂಗಳ ಬಳಿಕ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸು ಬಂದರೆ, ರಸ್ತೆಯಲ್ಲಿ ಕೊಟ್ಟ ನಗದಿಗೆ ರಸೀದಿಯಿಲ್ಲ. ವಿಮಾ ಕಂಪನಿಗೆ ಅಪಘಾತದ ಸುದ್ದಿಯೇ ತಿಳಿದಿಲ್ಲ. ಪ್ರೀಮಿಯಂ ಕಟ್ಟಿಯೂ ವ್ಯಾಜ್ಯದ ಹೊರೆಯನ್ನು ಸ್ವತಃ ತಲೆಯ ಮೇಲೆ ಹೊತ್ತಂತೆ.

ಮೋಟಾರು ವಾಹನಗಳ ಕಾಯ್ದೆ, 1988ರ 134ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಉದ್ರಿಕ್ತ ಗುಂಪಿನಂತಹ ಅಡ್ಡಿಯಿಲ್ಲದಿದ್ದರೆ ಚಾಲಕನು ಮೊದಲು ಗಾಯಾಳುವಿಗೆ ಚಿಕಿತ್ಸೆ ದೊರಕಿಸಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ, ಸಮೀಪದ ಠಾಣೆಗೆ ವರದಿ ಮಾಡಬೇಕು. ವಿಮಾ ಕಂಪನಿಗೆ ಪಾಲಿಸಿ ಸಂಖ್ಯೆ, ಅಪಘಾತದ ದಿನಾಂಕ, ಸಮಯ, ಸ್ಥಳ, ಗಾಯಗೊಂಡವರ ವಿವರ, ಚಾಲಕನ ಹೆಸರು ಮತ್ತು ಲೈಸೆನ್ಸಿನ ವಿವರಗಳನ್ನು ಬರವಣಿಗೆಯಲ್ಲಿ ತಿಳಿಸಬೇಕು. ಫೋನಿನಲ್ಲಿ ಹೇಳಿದ್ದು ಸಾಲದು. 108 ಮತ್ತು 112 ಸಂಖ್ಯೆಗಳನ್ನು ಬಲ್ಲ ಚಾಲಕನಿಗೂ ಪಾಲಿಸಿ ಎಲ್ಲಿದೆಯೆಂಬುದು ತಿಳಿದಿರುವುದಿಲ್ಲ. ಅದು ಕಚೇರಿಯ ಬೀರುವಿನಲ್ಲಿರುತ್ತದೆ.

ವಾಹನವನ್ನು ಕದಲಿಸುವ ಮುನ್ನ ನಾಲ್ಕೂ ಕಡೆಯಿಂದ ಛಾಯಾಚಿತ್ರ ತೆಗೆಯುವುದು, ಸರ್ವೇಯರ್ ನೋಡುವವರೆಗೆ ರಿಪೇರಿ ಆರಂಭಿಸದಿರುವುದು ಅವಶ್ಯಕ. ಪರಿಚಿತ ಗ್ಯಾರೇಜಿನವನ ಉತ್ಸಾಹದಿಂದ ಕ್ಲೇಮು ಕೈತಪ್ಪುವುದುಂಟು.

ಮಾರಿದ ವಾಹನದ ಮಾತು ಇನ್ನೂ ಗಂಭೀರ. 2009ರಲ್ಲಿ ನಡೆದ ಅಪಘಾತವೊಂದರಲ್ಲಿ ಕಾರು ಅದಾಗಲೇ ಹಲವರ ಕೈ ಬದಲಾಯಿಸಿತ್ತು. ಆದರೆ ನೋಂದಣಿ ಪುಸ್ತಕದಲ್ಲಿ ಮೊದಲಿನವರ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. ಹಳೆಯ ಟೆಂಪೋವನ್ನು ಸಹಿ ಹಾಕಿದ ಖಾಲಿ ನಮೂನೆಗಳೊಂದಿಗೆ ದಲ್ಲಾಳಿಗೆ ಒಪ್ಪಿಸಿ ಮರೆತಿರುವ ವರ್ತಕರು ನಮ್ಮ ನಡುವೆ ವಿರಳರೇನಲ್ಲ.

ಕೊನೆಯದಾಗಿ ಬಿಲ್ಲಿನ ವಿಷಯ. ಸಾಮಾನ್ಯ ವ್ಯಾಪಾರಿಯ ಕಾರಿನ ರಿಪೇರಿಯ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಆದುದರಿಂದ ತೆರಿಗೆಯನ್ನೂ ಸೇರಿಸಿಯೇ ಕ್ಲೇಮು ಸಲ್ಲಿಸಬೇಕು. ಸರಕು ಸಾಗಣೆ ವಾಹನಕ್ಕೆ ಜಮೆ ಉಂಟು, ಆದರೆ ಬಿಲ್ಲು ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯಲ್ಲಿರಬೇಕು. ಚಾಲಕನ ಹೆಸರಿನಲ್ಲಿ ಬರೆಸಿದ ಬಿಲ್ಲು ಲೆಕ್ಕ ಪರಿಶೋಧನೆಯ ಹೊತ್ತಿಗೆ ಯಾವ ಉಪಯೋಗಕ್ಕೂ ಬಾರದು.