ಸಣ್ಣ ಉದ್ಯಮಗಳಿಗೆ ರೇಡಿಯೋ ಜಾಹೀರಾತು: ಲಾಭನಷ್ಟಗಳ ವಿಚಾರ

ಹೊಲದಲ್ಲಿ ಬೆಳೆದ ಪದಾರ್ಥವನ್ನು ಹಾಗೆಯೇ ಮಾರುವುದಕ್ಕಿಂತ ಊರಿನಲ್ಲಿಯೇ ಹದಗೊಳಿಸಿ ಮಾರಿದರೆ ಹೆಚ್ಚು ಲಾಭವುಂಟೆಂಬುದನ್ನರಿತು, ಅನೇಕ ಗ್ರಾಮಗಳಲ್ಲಿ ಜಮೀನುದಾರರೂ ಸ್ತ್ರೀಯರ ಸ್ವಸಹಾಯ ಸಂಘಗಳೂ ಎಣ್ಣೆಗಾಣ, ಹಿಟ್ಟಿನ ಗಿರಣಿ, ಸಸಿಗಳ ನರ್ಸರಿ, ಜೇನು ಸಾಕಣೆ ಮುಂತಾದ ಸಣ್ಣ ಉದ್ಯಮಗಳನ್ನು ಕೈಕೊಂಡಿರುವರು. ಪದಾರ್ಥವು ಎಷ್ಟೇ ಶುದ್ಧವಾಗಿದ್ದರೂ ಅದು ಇಂತಹ ಕಡೆ ದೊರೆಯುವುದೆಂದು ಕೊಳ್ಳುವವರಿಗೆ ತಿಳಿಯದಿದ್ದರೆ ವ್ಯಾಪಾರವು ವೃದ್ಧಿಯಾಗಲಾರದು. ಆದಕಾರಣ ರೇಡಿಯೋದಲ್ಲಿ ಜಾಹೀರಾತು ಕೊಡಬಹುದೇ, ಕೊಟ್ಟರೆ ಹಾಕಿದ ಹಣವು ಹಿಂದಿರುಗುವುದೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಇಂತಹ ವಿಷಯಗಳಲ್ಲಿ ಗ್ರಾಮದ ಹಿರಿಯರ ಸಲಹೆಯನ್ನು ಕೇಳುವುದು ವಾಡಿಕೆಯಾದುದರಿಂದ, ಉತ್ತರವನ್ನು ನಿರ್ಣಯಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಜಾಹೀರಾತಿಗೆ ಹಾಕುವ ಹಣವು ಬಿತ್ತನೆಯ ಬೀಜವಿದ್ದಂತೆ. ನೆಲದ ಹದವನ್ನು ನೋಡದೆ ಬಿತ್ತಿದವನಿಗೆ ಬೆಳೆಯೂ ಇಲ್ಲ, ಬೀಜವೂ ಇಲ್ಲ.

ರೇಡಿಯೋ ಕೇಂದ್ರಗಳ ಬಗೆಗಳು

ಕನ್ನಡ ನಾಡಿಗೆ ರೇಡಿಯೋ ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಪ್ರಸಾರ ಕೇಂದ್ರವೊಂದನ್ನು ಸ್ವಂತವಾಗಿ ಸ್ಥಾಪಿಸಿದರು. ಧಾರವಾಡದ ಕೇಂದ್ರವು ೧೯೫೦ರಲ್ಲಿಯೂ ಬೆಂಗಳೂರಿನ ಕೇಂದ್ರವು ೧೯೫೫ರಲ್ಲಿಯೂ ಆರಂಭವಾದುವು. ೧೯೬೭ರಲ್ಲಿ ವಿವಿಧ ಭಾರತಿಯು ಜಾಹೀರಾತುಗಳನ್ನು ಪ್ರಸಾರಮಾಡತೊಡಗಿತು.

ಈಗ ಉದ್ಯಮಿಯ ಮುಂದೆ ಮೂರು ಬಗೆಯ ಕೇಂದ್ರಗಳಿವೆ. ಮೊದಲನೆಯದು ಆಕಾಶವಾಣಿ, ಇದರ ಧ್ವನಿಯು ಅನೇಕ ತಾಲ್ಲೂಕುಗಳನ್ನು, ಕೆಲವೆಡೆ ಜಿಲ್ಲೆಗಳನ್ನೇ ವ್ಯಾಪಿಸುತ್ತದೆ. ಎರಡನೆಯದು ಖಾಸಗಿ ಎಫ್.ಎಂ. ಕೇಂದ್ರಗಳು. ಇವು ೨೦೦೧ರಲ್ಲಿ ಬೆಂಗಳೂರಿನಲ್ಲಿ ಮೊದಲಾದುವು. ಪಟ್ಟಣವಾಸಿಗಳೇ ಇವುಗಳ ಮುಖ್ಯ ಶ್ರೋತೃಗಳು. ಮೂರನೆಯದು ಸಮುದಾಯ ರೇಡಿಯೋ. ೨೦೦೬ರ ನೀತಿಯ ಮೇರೆಗೆ ಸೇವಾಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಇದನ್ನು ನಡೆಸಲು ಅವಕಾಶವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಇಂತಹ ಕೇಂದ್ರವೊಂದನ್ನು ೨೦೦೭ರಲ್ಲಿ ತೆರೆಯಿತು. ಇದರ ಧ್ವನಿಯು ಸಾಮಾನ್ಯವಾಗಿ ೧೦ರಿಂದ ೧೫ ಕಿಲೋಮೀಟರ್ ದೂರದವರೆಗೆ ಮಾತ್ರ ಕೇಳಿಸುವುದು. ಆದರೆ ಸುತ್ತಣ ಗ್ರಾಮಗಳವರಿಗೆ ಅದು ತಮ್ಮದೇ ಮಾತಿನಲ್ಲಿ ತಮ್ಮದೇ ವಿಷಯವನ್ನು ಹೇಳುತ್ತದೆ.

ಧ್ವನಿಯ ಗುಣದೋಷಗಳು

ರೇಡಿಯೋವನ್ನು ಕೇಳಲು ಕೈಯ ಕೆಲಸವನ್ನು ನಿಲ್ಲಿಸಬೇಕಾಗಿಲ್ಲ. ಹಾಲು ಕರೆಯುವವನೂ, ಅಡಿಗೆ ಮಾಡುವವಳೂ, ಗಾಡಿ ಓಡಿಸುವವನೂ ಕೇಳಬಹುದು. ಓದು ಬಾರದವರಿಗೂ ಅದು ತಿಳಿಯುತ್ತದೆ. ಇದು ಅದರ ದೊಡ್ಡ ಗುಣ. ದೋಷವೂ ಇದರಲ್ಲಿಯೇ ಅಡಗಿದೆ. ಬೇರೆ ಕೆಲಸದಲ್ಲಿರುವವನ ಕಿವಿಗೆ ಬಿದ್ದ ಮಾತು ಒಮ್ಮೆಗೇ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಗೋಡೆಯ ಮೇಲಣ ಬರಹದಂತೆ ಹಿಂದಿರುಗಿ ನೋಡಲೂ ಆಗುವುದಿಲ್ಲ. ಆದುದರಿಂದ ಅದೇ ಮಾತನ್ನು ಅದೇ ವೇಳೆಯಲ್ಲಿ ಅನೇಕ ದಿನ ಹೇಳಿಸಬೇಕು. ಒಂದೆರಡು ಬಾರಿ ಹೇಳಿಸುವಷ್ಟೇ ಹಣವುಳ್ಳವರು ಇದಕ್ಕೆ ಕೈಹಾಕದಿರುವುದೇ ಲೇಸು.

ಮೊದಲು ವಿಚಾರಿಸಬೇಕಾದ ಮೂರು ಅಂಶಗಳು

ಒಂದನೆಯದಾಗಿ, ಕೊಳ್ಳುವವರು ಯಾರು? ಮನೆಮನೆಗೂ ಬೇಕಾದ ಎಣ್ಣೆ, ಹಿಟ್ಟು ಮುಂತಾದುವಕ್ಕೆ ರೇಡಿಯೋ ಒಪ್ಪುತ್ತದೆ, ಏಕೆಂದರೆ ಕೇಳುವವರಲ್ಲಿ ಹೆಚ್ಚು ಮಂದಿ ಕೊಳ್ಳಬಲ್ಲವರು. ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಯಲ್ಲಿಯೋ ಬೆಲ್ಲವನ್ನು ಮಂಡ್ಯದ ಮಾರುಕಟ್ಟೆಯಲ್ಲಿಯೋ ಹರಾಜಿನಿಂದ ಮಾರುವವನ ಸ್ಥಿತಿ ಬೇರೆ. ಅಲ್ಲಿ ಕೊಳ್ಳುವವರು ಕೆಲವೇ ವರ್ತಕರು. ಅವರು ನೋಡುವುದು ಎದುರಿಗಿರುವ ಮಾಲನ್ನೇ ಹೊರತು ರೇಡಿಯೋದಲ್ಲಿ ಕೇಳಿದ ಹೆಸರನ್ನಲ್ಲ. ಅಂತಹ ಮಾಲಿಗೆ ಜಾಹೀರಾತು ಕೊಡುವುದು ವ್ಯರ್ಥ. ಅದೇ ಬೆಲ್ಲವನ್ನು ಪೊಟ್ಟಣ ಕಟ್ಟಿ, ಹೆಸರಿಟ್ಟು, ಮನೆಗಳಿಗೆ ನೇರವಾಗಿ ಮಾರುವುದಾದರೆ ಮಾತ್ರ ವಿಚಾರಿಸಬಹುದು.

ಎರಡನೆಯದಾಗಿ, ಅವರು ಎಲ್ಲಿರುವರು? ಹಿಟ್ಟಿನ ಗಿರಣಿಗೆ ಮೂರು ನಾಲ್ಕು ಹಳ್ಳಿಗಳವರಲ್ಲದೆ ಬೇರೆಯವರು ಬರುವುದಿಲ್ಲ. ಅದಕ್ಕಾಗಿ ಜಿಲ್ಲೆಗೆಲ್ಲ ಕೇಳಿಸುವಂತೆ ಹೇಳಿಸುವುದು, ಒಂದು ಮಡಿಗೆ ನೀರು ಬೇಕಾದಾಗ ಕೆರೆಯ ತೂಬನ್ನೇ ತೆಗೆದಂತಾಗುವುದು. ಅಂತಹವರಿಗೆ ಸಂತೆಯಲ್ಲಿ ಸಾರಿಸುವುದು, ಬಸ್ಸು ನಿಲ್ಲುವ ಸ್ಥಳದಲ್ಲಿ ಗೋಡೆಬರಹ ಬರೆಯಿಸುವುದು ಸಾಕು. ಹೆಚ್ಚೆಂದರೆ ಹತ್ತಿರದ ಸಮುದಾಯ ರೇಡಿಯೋ. ತೆಂಗಿನ ಸಸಿ, ಕಸಿಮಾಡಿದ ಮಾವಿನ ಗಿಡ ಮೊದಲಾದುವುಗಳಿಗಾದರೋ ದೂರದವರೂ ವಾಹನ ಮಾಡಿಕೊಂಡು ಬರುವುದುಂಟು. ಆಗ ಆಕಾಶವಾಣಿಯ ವಿಸ್ತಾರವು ಪ್ರಯೋಜನಕ್ಕೆ ಬರುವುದು. ಇಲ್ಲಿ ಕಾಲವನ್ನೂ ಗಮನಿಸಬೇಕು. ಸಸಿಗಳ ಸುದ್ದಿಯು ರೈತನು ಗುಂಡಿ ತೋಡಿಸುವಾಗ ಅವನ ಕಿವಿಗೆ ಬೀಳಬೇಕೇ ವಿನಾ ನಾಟಿ ಮುಗಿದ ಮೇಲಲ್ಲ.

ಮೂರನೆಯದಾಗಿ, ಬೇಡಿಕೆ ಹೆಚ್ಚಿದರೆ ಒದಗಿಸುವ ಶಕ್ತಿಯುಂಟೇ? ಜಾಹೀರಾತನ್ನು ಕೇಳಿ ಬಂದವನು ಬರಿಗೈಯಲ್ಲಿ ಹೋದರೆ ಮತ್ತೆ ಬರುವುದಿಲ್ಲ. ನಾಲ್ಕು ಜನರಿಗೆ ಹೇಳಿಯೂ ಹೋಗುತ್ತಾನೆ.

ಲೆಕ್ಕದ ಕ್ರಮ

ಉದಾಹರಣೆಗಾಗಿ ಒಂದು ಎಣ್ಣೆಗಾಣವನ್ನು ತೆಗೆದುಕೊಳ್ಳೋಣ. ಇಲ್ಲಿಯ ದರಗಳು ಲೆಕ್ಕವನ್ನು ತೋರಿಸುವುದಕ್ಕಾಗಿ ಊಹಿಸಿದುವು. ನಿಜವಾದ ದರವನ್ನು ಆಯಾ ಕೇಂದ್ರದಿಂದಲೇ ಬರೆಹದಲ್ಲಿ ಪಡೆಯಬೇಕು. ರೇಡಿಯೋದವರು ಸಾಮಾನ್ಯವಾಗಿ ೧೦ ಸೆಕೆಂಡಿಗೆ ಇಷ್ಟೆಂದು ದರ ಹೇಳುವರು. ಅದು ೧೦೦ ರೂಪಾಯಿಯೆಂದಿಟ್ಟುಕೊಂಡರೆ, ೨೦ ಸೆಕೆಂಡಿನ ಜಾಹೀರಾತಿಗೆ ಒಂದು ಬಾರಿಗೆ ೨೦೦ ರೂಪಾಯಿ. ದಿನಕ್ಕೆ ೪ ಬಾರಿಯಂತೆ ೧೫ ದಿನಗಳಿಗೆ ೬೦ ಬಾರಿ, ಅಂದರೆ ೧೨,೦೦೦ ರೂಪಾಯಿ. ಧ್ವನಿಮುದ್ರಣಕ್ಕೂ ತೆರಿಗೆಗೂ ೩,೦೦೦ ಸೇರಿ ಒಟ್ಟು ೧೫,೦೦೦ ರೂಪಾಯಿಗಳಾದುವು.

ಇನ್ನು ಆದಾಯವನ್ನು ನೋಡೋಣ. ಅನೇಕರು ಮಾರಾಟದ ಹಣವನ್ನೇ ಲಾಭವೆಂದೆಣಿಸಿ ಮೋಸಹೋಗುವರು. ಕಡಲೆಕಾಯಿಯ ಬೆಲೆ, ಕೂಲಿ, ವಿದ್ಯುತ್ತು, ಶೀಸೆ ಇವೆಲ್ಲವನ್ನೂ ಕಳೆದು, ಹಿಂಡಿಯ ಮಾರಾಟದಿಂದ ಬಂದುದನ್ನು ಕೂಡಿಸಿ, ಲೀಟರಿಗೆ ನಿವ್ವಳ ೩೦ ರೂಪಾಯಿ ಉಳಿಯುವುದೆನ್ನೋಣ. ಹಾಗಾದರೆ ೧೫,೦೦೦ ರೂಪಾಯಿ ಹಿಂದಿರುಗಲು ೫೦೦ ಲೀಟರು ಎಣ್ಣೆಯು ಹೆಚ್ಚಾಗಿ ಮಾರಾಟವಾಗಬೇಕು. ಗಾಣವು ದಿನಕ್ಕೆ ೨೦ ಲೀಟರು ತೆಗೆಯಬಲ್ಲುದು. ಅದರಲ್ಲಿ ೧೨ ಲೀಟರು ಈಗಾಗಲೇ ಮಾರಾಟವಾಗುತ್ತಿದೆ. ಮಿಗತೆಯು ದಿನಕ್ಕೆ ೮ ಲೀಟರು, ತಿಂಗಳಿಗೆ ೨೫ ದಿನಗಳ ಕೆಲಸದಂತೆ ೨೦೦ ಲೀಟರು. ಜಾಹೀರಾತು ಎಷ್ಟೇ ಫಲಿಸಿದರೂ ಹಣವು ಎರಡೂವರೆ ತಿಂಗಳಿಗೆ ಮುಂಚೆ ಹಿಂದಿರುಗುವಂತಿಲ್ಲ.

ಇಷ್ಟರಿಂದಲೇ ಇದು ನಷ್ಟವೆಂದು ಹೇಳಲಾಗದು. ಎಣ್ಣೆಯನ್ನು ಒಮ್ಮೆ ಕೊಂಡವರು ಮೆಚ್ಚಿದರೆ ಪ್ರತಿ ತಿಂಗಳೂ ಕೊಳ್ಳುವರು. ಒಂದು ಮನೆಗೆ ತಿಂಗಳಿಗೆ ೩ ಲೀಟರು ಬೇಕಾದರೆ ಅದರಿಂದ ತಿಂಗಳಿಗೆ ೯೦, ವರ್ಷಕ್ಕೆ ೧,೦೮೦ ರೂಪಾಯಿ ಲಾಭ. ಇಂತಹ ೧೪ ಹೊಸ ಮನೆಗಳು ವರ್ಷವೆಲ್ಲ ನಿಂತರೆ ಖರ್ಚು ಬಂದಂತಾಯಿತು. ೨೦೦ ಲೀಟರಿನ ಮಿಗತೆಯಲ್ಲಿ ೬೬ ಮನೆಗಳಿಗೆ ಒದಗಿಸಬಹುದು. ಇಲ್ಲಿ ಪ್ರಯತ್ನಕ್ಕೆ ಆಧಾರವುಂಟು. ಆದರೆ ಮಿಗತೆಯು ದಿನಕ್ಕೆ ೧ ಲೀಟರು ಮಾತ್ರವಿದ್ದರೆ ೮ ಮನೆಗಳಿಗಿಂತ ಹೆಚ್ಚಿಗೆ ಕೊಡಲಾಗದು. ವರ್ಷದ ಲಾಭವು ೮,೬೪೦ ರೂಪಾಯಿಯಷ್ಟೇ ಆಗಿ, ಜಾಹೀರಾತು ಎಷ್ಟು ಚೆನ್ನಾಗಿದ್ದರೂ ನಷ್ಟವು ನಿಶ್ಚಯ. ಹೀಗೆ ಲಾಭನಷ್ಟಗಳನ್ನು ನಿರ್ಣಯಿಸುವುದು ರೇಡಿಯೋ ಅಲ್ಲ. ಗಾಣದ ಮಿಗತೆ ಮತ್ತು ಕೊಳ್ಳುವವರು ಮರಳಿ ಬರುವ ಸಂಭವ.

ಪರೀಕ್ಷೆ ಮತ್ತು ಒಪ್ಪಂದ

ಹೊಸ ತಳಿಯನ್ನು ಒಂದು ಮೂಲೆಯಲ್ಲಿ ಬಿತ್ತಿ ನೋಡುವಂತೆ ಜಾಹೀರಾತನ್ನೂ ಮೊದಲು ಸ್ವಲ್ಪ ಕಾಲ ಪರೀಕ್ಷಿಸತಕ್ಕದ್ದು. ವರ್ಷದ ಒಪ್ಪಂದಕ್ಕೆ ದರವು ಕಡಿಮೆಯೆಂದು ಪ್ರತಿನಿಧಿಗಳು ಹೇಳಿದರೂ ಮೊದಲ ಬಾರಿಗೆ ಒಪ್ಪಬಾರದು. ಯಾವ ವೇಳೆಯಲ್ಲಿ, ಎಷ್ಟು ಬಾರಿ ಪ್ರಸಾರವಾಗುವುದು, ತಪ್ಪಿದರೆ ಪರಿಹಾರವೇನು ಎಂಬುದನ್ನು ಕಾಗದದಲ್ಲಿ ಬರೆಯಿಸಿಕೊಳ್ಳಬೇಕು. ಜಾಹೀರಾತಿನಲ್ಲಿ ಪದಾರ್ಥದ ಹೆಸರು, ದೊರೆಯುವ ಸ್ಥಳ, ಗುರುತು ಇವಿಷ್ಟನ್ನೇ ಹೇಳಿ, ಹೆಸರನ್ನು ಎರಡು ಬಾರಿ ಉಚ್ಚರಿಸಬೇಕು. ಉದ್ದವಾದ ದೂರವಾಣಿ ಸಂಖ್ಯೆಗಿಂತ "ಸಂತೆ ಮೈದಾನದ ಎದುರು" ಎಂಬ ಮಾತು ನೆನಪಿನಲ್ಲಿ ನಿಲ್ಲುವುದು.

ಪ್ರಸಾರಕ್ಕೆ ಒಂದು ತಿಂಗಳು ಮುಂಚಿನಿಂದಲೇ ದಿನವಹಿ ಮಾರಾಟವನ್ನು ಪುಸ್ತಕದಲ್ಲಿ ಬರೆದಿಡಬೇಕು. ಆಮೇಲೆ ಬಂದ ಪ್ರತಿ ಹೊಸಬನನ್ನೂ, ಸುದ್ದಿ ಹೇಗೆ ತಿಳಿಯಿತೆಂದು ಕೇಳಿ ಅದನ್ನೂ ಬರೆಯಬೇಕು. ಹಬ್ಬದ ದಿನಗಳಲ್ಲಿ ಎಣ್ಣೆಯ ಮಾರಾಟವು ತಾನಾಗಿಯೇ ಹೆಚ್ಚುವುದರಿಂದ ಆ ಹೆಚ್ಚಳವನ್ನು ರೇಡಿಯೋದ ಫಲವೆಂದು ಭಾವಿಸಬಾರದು. ಪ್ರಸಾರವು ನಿಂತ ಎರಡು ತಿಂಗಳ ಮೇಲೂ ಹೊಸ ಮನೆಗಳವರು ಬರುತ್ತಿದ್ದರೆ ಮಾತ್ರ ಮುಂದುವರಿಸಬಹುದು.

ಸತ್ಯವನ್ನು ಮೀರದಿರುವುದು

ಎಣ್ಣೆ, ಜೇನು, ಸಿರಿಧಾನ್ಯಗಳನ್ನು ಮಾರುವವರು ಅವುಗಳಿಂದ ಮಧುಮೇಹ ವಾಸಿಯಾಗುವುದೆಂದು ಸಾರುವುದುಂಟು. ಮಧುಮೇಹಾದಿ ರೋಗಗಳನ್ನು ಗುಣಪಡಿಸುವುದಾಗಿ ಹೇಳುವ ಔಷಧದ ಜಾಹೀರಾತನ್ನು ೧೯೫೪ರ ಕಾಯಿದೆಯೇ ನಿಷೇಧಿಸಿದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ತಪ್ಪುದಾರಿಗೆಳೆಯುವ ಜಾಹೀರಾತಿಗೆ ೧೦ ಲಕ್ಷ ರೂಪಾಯಿಗಳವರೆಗೂ ದಂಡ ವಿಧಿಸಬಹುದು. ಸಣ್ಣ ಉದ್ಯಮದ ಹತ್ತು ವರ್ಷಗಳ ದುಡಿಮೆಯನ್ನು ಇಂತಹ ಒಂದು ವಾಕ್ಯವು ನುಂಗಬಲ್ಲುದು.

ಆದುದರಿಂದ ಸಲಹೆ ಕೇಳಿ ಬಂದವರಿಗೆ ಗ್ರಾಮದ ಹಿರಿಯರು ರೇಡಿಯೋ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಮೊದಲೇ ಹೇಳದೆ, ಅವರ ಲೆಕ್ಕದ ಪುಸ್ತಕವನ್ನು ತರಿಸಿ ನೋಡುವುದು ಯುಕ್ತ. ಮಿಗತೆಯ ಮಾಲು, ಮರಳಿ ಬರುವ ಗಿರಾಕಿ, ಧ್ವನಿಯು ತಲಪುವ ಊರುಗಳಲ್ಲಿಯೇ ಕೊಳ್ಳುವವರ ವಾಸ—ಈ ಮೂರೂ ಕೂಡಿಬಂದಲ್ಲಿ, ಸಾಲಮಾಡದೆ, ಕಳೆದುಹೋದರೂ ಸಂಸಾರಕ್ಕೆ ತೊಂದರೆಯಾಗದಷ್ಟು ಹಣದಿಂದ ಪರೀಕ್ಷಿಸಬಹುದು. ಇವುಗಳಲ್ಲಿ ಒಂದಿಲ್ಲದಿದ್ದರೂ ಆ ಹಣವನ್ನು ಗಾಣದ ದುರಸ್ತಿಗೋ ಒಳ್ಳೆಯ ಶೀಸೆಗಳಿಗೋ ವಿನಿಯೋಗಿಸುವುದು ಮೇಲು.