ನಿಮಗಿದು ಗೊತ್ತೆ? ಗಂಧಕ ತಗ್ಗಿತು, ಮೋಡ ಕರಗಿತು!

ಹಡಗು ಹೋದ ದಾರಿ ಆಕಾಶದಲ್ಲೂ ಮೂಡುತ್ತದೆ! ಉಪಗ್ರಹ ಚಿತ್ರಗಳಲ್ಲಿ ಅದು ಕಡಲ ಮೇಲೆ ಸೀಮೆಸುಣ್ಣದಿಂದ ಗೀಚಿದ ಗೆರೆಯಂತೆ ಕಾಣುತ್ತದೆ; ಉದ್ದ ನೂರಾರು ಕಿ.ಮೀ. ಹೊಗೆಯಲ್ಲಿನ ಗಂಧಕದ ಕಣಗಳ ಸುತ್ತ ನೀರಾವಿ ಹನಿಗಟ್ಟಿ ಹುಟ್ಟುವ ಮೋಡವಿದು.

ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ 2020ರ ಜನವರಿ 1ರಿಂದ ಶೇ 3.5ರಿಂದ ಶೇ 0.5ಕ್ಕೆ ಇಳಿಸಿತು. ಅದೇ ವರ್ಷ ಈ ಗೆರೆಗಳು ದಾಖಲೆ ಪ್ರಮಾಣದಲ್ಲಿ ಕಡಿಮೆಯಾದವು. ಬಂದರು ಊರುಗಳ ಗಾಳಿಗೇನೋ ಒಳ್ಳೆಯದೇ ಆಯಿತು. ಆದರೆ ಬಿಸಿಲನ್ನು ಹಿಂದಕ್ಕಟ್ಟುತ್ತಿದ್ದ ಬಿಳಿಮೋಡ ತೆಳುವಾಗಿ, ಕಡಲಿಗೆ ತುಸು ಹೆಚ್ಚೇ ಬಿಸಿಲು ತಾಕತೊಡಗಿತು. ಎಷ್ಟು ಹೆಚ್ಚು? ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ.